ಮಾಹೆಯ ಬಂದರು, ಮಾಹೆಯ ಅಮ್ಮ

ಮಂಗಳೂರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು 160 ಕಿಲೋಮೀಟರ್ ಪ್ರಯಾಣ ಮಾಡಿ, ಕಾಸರಗೋಡು, ಕಣ್ಣೂರು, ತಲಶ್ಶೇರಿಗಳನ್ನು ದಾಟಿದರೆ, ತೆಂಗಿನ ತೋಟಗಳ ನಡುವೆ ಒಂದು ಪುಟ್ಟ ನಿಲ್ದಾಣ ಎದುರಾಗುತ್ತದೆ. ಫಲಕದಲ್ಲಿ ಮಾಹೆ ಎಂಬ ಹೆಸರಿದ್ದರೂ ನಿಲ್ದಾಣದ ನೆಲ ಮಾಹೆಯದಲ್ಲ. ಅದು ಕೇರಳದ ಅಳಿಯೂರಿಗೆ ಸೇರಿದ್ದು. ಅಲ್ಲಿಂದ ಸ್ವಲ್ಪ ದೂರ ನಡೆದಾಗ ಕೇರಳ ಮುಗಿದು ಪುದುಚೇರಿ ಕೇಂದ್ರಾಡಳಿತ ಪ್ರದೇಶ ಆರಂಭವಾಗುತ್ತದೆ. ಇನ್ನೂ ಸ್ವಲ್ಪ ನಡೆದು ಹೊಳೆಯ ಸೇತುವೆಯನ್ನು ದಾಟಿದರೆ ಮತ್ತೆ ಕೇರಳ! ದೇಶದ ಪೂರ್ವ ಕರಾವಳಿಯಲ್ಲಿರುವ ಪುದುಚೇರಿಯ ಆಡಳಿತಕ್ಕೆ ಪಶ್ಚಿಮ ಕರಾವಳಿಯ ಈ ತುಣುಕು ಒಳಪಟ್ಟಿರುವುದೇ ಒಂದು ಸೋಜಿಗ. ಒಟ್ಟು ವಿಸ್ತೀರ್ಣ ಸುಮಾರು 9 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 41,816. ನಮ್ಮ ಜಿಲ್ಲೆಯ ಒಂದು ದೊಡ್ಡ ಗ್ರಾಮದಷ್ಟೇ ಇರುವ ಈ ನೆಲಕ್ಕಾಗಿ ಎರಡು ಸಾಮ್ರಾಜ್ಯಗಳು ಒಂದು ಶತಮಾನ ಕಾಲ ಕಾದಾಡಿದವು ಎಂದರೆ ಇಂದು ನಂಬುವುದು ಕಷ್ಟ.

ಆ ಕಾದಾಟದ ಬಿಸಿ ನಮ್ಮ ಕರಾವಳಿಯ ಕಥೋಲಿಕ ಮನೆಗಳಿಗೂ ತಟ್ಟಿತ್ತು ಎಂಬುದು ನಮ್ಮಲ್ಲಿ ಅನೇಕರು ಗಮನಿಸದ ವಿಷಯ. ಮಾಹೆಯ ಸಂತ ತೆರೇಸಾರ ಹಬ್ಬಕ್ಕೆ ಮಂಗಳೂರು, ಕಾಸರಗೋಡು ಕಡೆಗಳಿಂದ ಹೋಗುವ ಭಕ್ತರು ಹರಕೆ ಸಲ್ಲಿಸಿ, ಮೊಂಬತ್ತಿ ಹಚ್ಚಿ ಮರಳುತ್ತಾರೆ. ಆ ಇಗರ್ಜಿಯ ಸುತ್ತಲಿನ ಊರನ್ನೂ ಒಂದಿಷ್ಟು ಅರಿತುಕೊಂಡು ಬರುವುದು ಯಾತ್ರೆಯ ಫಲವನ್ನು ಹೆಚ್ಚಿಸುತ್ತದೆ ಎಂಬುದು ನಾವು ಅಲ್ಲಿಗೆ ಭೇಟಿಯಿತ್ತಾಗ ನಮಗೆ ಮನವರಿಕೆಯಾದ ಸಂಗತಿ. ಆ ಅರಿವನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಅಳಿವೆಯ ಊರು

ಸ್ಥಳೀಯರ ನಾಲಿಗೆಯಲ್ಲಿ ಈ ಊರಿನ ಹೆಸರು ಮಯ್ಯಳಿ. ಮಲಯಾಳದ 'ಅಳಿ' ಎಂದರೆ ನಮ್ಮ ಕರಾವಳಿಯ ಬೆಸ್ತರು ಹೇಳುವ 'ಅಳಿವೆ'ಯೇ. ಹೊಳೆಯು ಕಡಲನ್ನು ಸೇರುವ ಬಾಯಿ. ಮಯ್ಯಳಿ ಹೊಳೆ ಅರಬೀ ಸಮುದ್ರವನ್ನು ಸೇರುವಲ್ಲಿ, ಹೊಳೆಯ ದಕ್ಷಿಣ ದಡದ ಮೇಲೆ ಪೇಟೆ ಹರಡಿಕೊಂಡಿದೆ. ಪಳ್ಳೂರು, ಪಂದಕ್ಕಲ್, ಚಾಲಕ್ಕರ, ಚೆರುಕಲ್ಲಾಯಿ ಮೊದಲಾದ ಭಾಗಗಳು ಹೊಳೆಯ ಆಚೆ, ಸುತ್ತಲೂ ಕೇರಳದ ನೆಲವನ್ನೇ ಬೇಲಿಯಾಗಿ ಹೊಂದಿವೆ. ಪೇಟೆಯ ಉತ್ತರಕ್ಕೆ ಕಣ್ಣೂರು ಜಿಲ್ಲೆ, ದಕ್ಷಿಣಕ್ಕೆ ಕಲ್ಲಿಕೋಟೆ ಜಿಲ್ಲೆ.

ಅಳಿವೆಯ ಬಳಿ ನಿಂತು ನೋಡಿದರೆ ಈ ಸ್ಥಳವನ್ನು ಫ್ರೆಂಚರು ಏಕೆ ಮೆಚ್ಚಿದರು ಎಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಎದುರಿಗೆ ತೆರೆದ ಕಡಲು. ದೂರದಲ್ಲಿ, ಬಾನು ತಿಳಿಯಾಗಿದ್ದಾಗ, ನೀರಿನಿಂದ ತಲೆಯೆತ್ತಿದ ವೆಳ್ಳಿಯಾಂಕಲ್ಲು ಎಂಬ ಬಂಡೆ. ಬಲಕ್ಕೆ ಶಾಂತವಾದ ಹೊಳೆ, ಅದರ ದಡದಲ್ಲಿ ಮೀನುಗಾರರ ದೋಣಿಗಳು. ದಡದ ಎತ್ತರದಲ್ಲಿ ಹಿಂದೆ ಫ್ರೆಂಚ್ ಆಡಳಿತಾಧಿಕಾರಿಯ ನಿವಾಸವಾಗಿದ್ದು ಈಗ ಸರಕಾರದ ಪ್ರಾದೇಶಿಕ ಆಡಳಿತಾಧಿಕಾರಿಯ ವಶದಲ್ಲಿರುವ ಭವನ. ಅದರ ಸಮೀಪದಲ್ಲೇ ಟಾಗೋರ್ ಉದ್ಯಾನ. ಹೊಳೆಯ ಅಂಚಿನಲ್ಲಿ ಕಟ್ಟಿರುವ ಕಾಲುದಾರಿಯಲ್ಲಿ ಸಂಜೆಯ ವೇಳೆ ಊರಿನ ಮಂದಿಯೆಲ್ಲ ಗಾಳಿಸೇವನೆಗೆ ಸೇರುತ್ತಾರೆ.

ಉದ್ಯಾನದಲ್ಲಿ ಒಂದು ಸ್ತ್ರೀವಿಗ್ರಹವಿದೆ. ಮೊದಲ ಬಾರಿಗೆ ಕಂಡ ಯಾತ್ರಿಕರು ಅದನ್ನು ಯಾವುದೋ ಸಂತರ ವಿಗ್ರಹವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಮರಿಯಾನ್. ಫ್ರೆಂಚ್ ಗಣರಾಜ್ಯದ ಸಂಕೇತವಾಗಿ ಫ್ರಾನ್ಸಿನ ಊರೂರುಗಳಲ್ಲಿ ಕಂಡುಬರುವ ಮೂರ್ತಿ. ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಎಂದು ಸಾರಿದ ರಾಷ್ಟ್ರವು ತನ್ನ ವಸಾಹತಿನ ಮೂಲೆಯಲ್ಲೂ ಆ ಮೂರ್ತಿಯನ್ನು ನಿಲ್ಲಿಸಿತು. ಆ ಮೂರು ಪದಗಳನ್ನು ಮಾಹೆಯ ಜನರು ಕೊನೆಗೆ ಆ ರಾಷ್ಟ್ರದ ಮುಂದೆಯೇ ಹಿಡಿದು ತಮ್ಮ ಬಿಡುಗಡೆಯನ್ನು ಕೇಳಿದರು.

ಮೆಣಸಿನ ಆಸೆ

ಫ್ರೆಂಚರನ್ನು ಇಲ್ಲಿಗೆ ಎಳೆದುತಂದದ್ದು ಕರಿಮೆಣಸು. ಹತ್ತಿರದ ತಲಶ್ಶೇರಿಯಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯವರು ಕೋಟೆ ಕಟ್ಟಿ ಮೆಣಸಿನ ವ್ಯಾಪಾರವನ್ನು ಕೈಗೆ ತೆಗೆದುಕೊಂಡಿದ್ದರು. ಅವರಿಗೆ ಪೈಪೋಟಿಯಾಗಿ ಫ್ರೆಂಚ್ ಕಂಪೆನಿಯವರು 1721ರಲ್ಲಿ ಇಲ್ಲಿನ ಪಾಳೆಯಗಾರನಾದ ವಡಕರದ ವಾಳುನ್ನವರ್ ಜೊತೆ ಒಪ್ಪಂದ ಮಾಡಿಕೊಂಡು ಮಯ್ಯಳಿಯಲ್ಲಿ ಮಳಿಗೆ ತೆರೆದರು. ಸ್ವಲ್ಪ ಕಾಲದಲ್ಲೇ ಮನಸ್ತಾಪ ಬೆಳೆದು ಅವರು ಜಾಗ ಬಿಡಬೇಕಾಯಿತು. 1725ರಲ್ಲಿ ನೌಕಾಪಡೆಯೊಡನೆ ಬಂದು ಮತ್ತೆ ವಶಪಡಿಸಿಕೊಂಡರು. ಆ ಪಡೆಯಲ್ಲಿ ಬೆರ್ತ್ರಾಂ ಫ್ರಾಂಸ್ವಾ ಮಾಹೆ ದ ಲಾ ಬುರ್ದೊನೆ ಎಂಬ ಯುವ ನಾವಿಕನಿದ್ದ. ಮುಂದೆ ಮಾರಿಷಸ್ ದ್ವೀಪದ ರಾಜ್ಯಪಾಲನಾಗಿ, 1746ರಲ್ಲಿ ಮದರಾಸನ್ನು ಇಂಗ್ಲಿಷರಿಂದ ಕಿತ್ತುಕೊಂಡು ಹೆಸರು ಮಾಡಿದವನು ಇವನೇ. ಮಯ್ಯಳಿ ಮಾಹೆಯಾದದ್ದು ಈತನ ಗೌರವಾರ್ಥ ಎಂದು ಕೆಲವರು ಹೇಳುವರು. ಮಯ್ಯಳಿಯೇ ಫ್ರೆಂಚರ ಬಾಯಲ್ಲಿ ಮಾಹೆಯಾಯಿತು ಎಂದು ಇನ್ನು ಕೆಲವರು.

ತಲಶ್ಶೇರಿಯಲ್ಲಿ ಇಂಗ್ಲಿಷರು, ಮಾಹೆಯಲ್ಲಿ ಫ್ರೆಂಚರು. ನಡುವೆ ಹರಿಯುವ ಸಣ್ಣ ಹೊಳೆ. ಯುರೋಪಿನಲ್ಲಿ ಈ ಎರಡು ದೇಶಗಳ ನಡುವೆ ಇರುವ ಕಡಲಿನ ಹೆಸರನ್ನೇ ಎತ್ತಿಕೊಂಡು, ಇಂಗ್ಲಿಷರು ಮಯ್ಯಳಿ ಹೊಳೆಯನ್ನು ತಮಾಷೆಗಾಗಿ 'ಇಂಗ್ಲಿಷ್ ಚಾನೆಲ್' ಎಂದು ಕರೆದರಂತೆ. ಆದರೆ ಅಲ್ಲಿ ನಡೆದದ್ದು ತಮಾಷೆಯಾಗಿರಲಿಲ್ಲ. ಯುರೋಪಿನಲ್ಲಿ ಈ ಇಬ್ಬರಿಗೂ ಜಗಳ ಹತ್ತಿದಾಗಲೆಲ್ಲ ಮಾಹೆಯಲ್ಲಿ ಬಾವುಟ ಬದಲಾಯಿತು. 1761ರಲ್ಲಿ ಇಂಗ್ಲಿಷರು ಹಿಡಿದು ಕೋಟೆಗಳನ್ನು ಕೆಡವಿದರು. ಪ್ಯಾರಿಸ್ ಒಪ್ಪಂದದ ತರುವಾಯ 1765ರಲ್ಲಿ ಮರಳಿ ಕೊಟ್ಟರು. 1779ರಲ್ಲಿ ಮತ್ತೆ ಹಿಡಿದರು, 1785ರಲ್ಲಿ ಕೊಟ್ಟರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಮೂರನೆಯ ಸಲ ಹಿಡಿದರು. ನೆಪೋಲಿಯನ್ ಸೋತ ಮೇಲೆ 1817ರಲ್ಲಿ ಕೊನೆಯದಾಗಿ ಬಿಟ್ಟುಕೊಟ್ಟರು. ಇಷ್ಟೆಲ್ಲ ಆಗುವಾಗ ಮಾಹೆಯ ಬೆಸ್ತನಿಗಾಗಲಿ ಮೆಣಸು ಬೆಳೆದ ರೈತನಿಗಾಗಲಿ ಯಾರೂ ಅವರ ಅಭಿಪ್ರಾಯ ಕೇಳಿದಂತಿಲ್ಲ.

ಮಾಹೆಯಿಂದ ಮಂಗಳೂರಿಗೆ

ಈ ಮೂರು ಪತನಗಳಲ್ಲಿ ಎರಡನೆಯದು, ಅಂದರೆ 1779ರದು, ಕನ್ನಡನಾಡಿನ ಇತಿಹಾಸಕ್ಕೆ ನೇರವಾಗಿ ತಗಲಿಕೊಂಡಿದೆ. ಮೈಸೂರಿನ ಹೈದರಾಲಿ ಆ ವೇಳೆಗೆ ಮಲಬಾರಿನ ಮೇಲೆ ಹಿಡಿತ ಸಾಧಿಸಿದ್ದ. ಫ್ರೆಂಚರಿಂದ ಅವನಿಗೆ ಬರುತ್ತಿದ್ದ ಆಯುಧಗಳೂ ಯುದ್ಧಸಾಮಗ್ರಿಯೂ ಮಾಹೆಯ ಬಂದರಿನಲ್ಲೇ ಇಳಿಯುತ್ತಿದ್ದವು. ಮಾಹೆ ತನ್ನ ರಕ್ಷಣೆಯಲ್ಲಿದೆ, ಅದರ ಮೇಲೆ ಕೈಮಾಡಬಾರದು ಎಂದು ಅವನು ಇಂಗ್ಲಿಷರಿಗೆ ಎಚ್ಚರಿಕೆ ಕೊಟ್ಟಿದ್ದ. ಅವರು ಕೇಳಲಿಲ್ಲ. ಹಿಂದಿನ ಒಪ್ಪಂದದಂತೆ ಮರಾಠರ ವಿರುದ್ಧ ತನಗೆ ನೆರವಾಗಲಿಲ್ಲ ಎಂಬ ಸಿಟ್ಟು ಅವನಲ್ಲಿ ಮೊದಲೇ ಇತ್ತು. ಮಾಹೆಯ ಪತನ ಆ ಸಿಟ್ಟಿಗೆ ಕಿಚ್ಚು ಹಚ್ಚಿತು. 1780ರಲ್ಲಿ ಹೈದರನ ಸೈನ್ಯ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿತು. ಇದೇ ಎರಡನೆಯ ಮೈಸೂರು ಯುದ್ಧ.

ಆ ಯುದ್ಧ ಕೊನೆಗೊಂಡದ್ದು ಮಂಗಳೂರಿನಲ್ಲಿ. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. 1783ರಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಟಿಪ್ಪು ಸುಲ್ತಾನ್ ಅದನ್ನು ದೀರ್ಘಕಾಲ ಮುತ್ತಿ 1784ರ ಜನವರಿಯಲ್ಲಿ ಮರಳಿ ಪಡೆದ. ಅದೇ ವರ್ಷದ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಆ ಎರಡು ದಿನಾಂಕಗಳ ನಡುವೆ ನಮ್ಮ ಹಿರಿಯರು ಎಂದೂ ಮರೆಯದ ಘಟನೆಯೊಂದು ನಡೆದಿತ್ತು. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆಪಾದನೆಯ ಮೇಲೆ ಕೆನರಾದ ಕಥೋಲಿಕ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅದು ವಿಭೂತಿ ಬುಧವಾರದಂದು ನಡೆಯಿತೆಂಬುದು ಸಮುದಾಯದ ಪರಂಪರಾಗತ ನೆನಪು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಹಲವು ಇಗರ್ಜಿಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಅಸಂಖ್ಯ ಜನ ಅಳಿದರು ಎಂಬುದರ ಬಗ್ಗೆ ಸಂಶಯವಿಲ್ಲ. ಉಳಿದವರು ಊರಿಗೆ ಮರಳಲು 1799ರ ವರೆಗೆ ಕಾಯಬೇಕಾಯಿತು.

ಮಾಹೆ ಬಿದ್ದುದೇ ಶ್ರೀರಂಗಪಟ್ಟಣದ ಸೆರೆವಾಸಕ್ಕೆ ಕಾರಣವಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸರಿಯಲ್ಲ. ಇತಿಹಾಸ ಅಷ್ಟು ಸರಳವಲ್ಲ. ಆದರೆ ಮೆಣಸಿನ ಮೂಟೆಗಳಿಗಾಗಿ ಹತ್ತಿದ ಜಗಳ, ಐದು ವರ್ಷಗಳಲ್ಲಿ ಮಂಗಳೂರಿನ ಬಡ ಗೇಣಿದಾರನ ಹೊಸ್ತಿಲನ್ನು ಮುಟ್ಟಿತು ಎಂಬುದನ್ನು ಮಾಹೆಯ ದಡದಲ್ಲಿ ನಿಂತಾಗ ನೆನೆಯದಿರುವುದು ನಮಗೆ ಸಾಧ್ಯವಾಗಲಿಲ್ಲ. ದೊಡ್ಡವರ ಯುದ್ಧಗಳಲ್ಲಿ ಬೆಲೆ ತೆರುವವರು ಯಾವ ಒಪ್ಪಂದಕ್ಕೂ ಸಹಿ ಹಾಕದ ಜನ. ಆ ಬೆಲೆ ತೆತ್ತವರಲ್ಲಿ ಎಲ್ಲ ಮತಗಳವರೂ ಇದ್ದರು ಎಂಬುದನ್ನೂ ನಾವು ಮರೆಯಬಾರದು. ನಮ್ಮ ನೋವನ್ನು ನೆನೆಯುವುದು ಹಗೆಯನ್ನು ಬೆಳೆಸುವುದಕ್ಕೆ ನೆಪವಾದರೆ, ಸೆರೆಯಲ್ಲಿ ಜಪಸರ ಬಿಡದೆ ಹಿಡಿದ ಹಿರಿಯರಿಗೆ ನಾವು ಮಾಡುವ ಅಪಚಾರ ಅದು.

ಬಿದ್ದ ಕೋಟೆ, ಉಳಿದ ಇಗರ್ಜಿ

ಫ್ರೆಂಚರ ಕೋಟೆಗಳು ಇಂದು ಹೆಸರಿಗೆ ಮಾತ್ರ. ಹಳೆಯ ಹೆದ್ದಾರಿಯ ಬದಿಯಲ್ಲಿ, ಪೇಟೆಯ ನಟ್ಟನಡುವೆ ನಿಂತಿರುವ ಸಂತ ತೆರೇಸಾರ ದೇವಾಲಯ ಮಾತ್ರ ಊರಿನ ಉಸಿರಾಗಿದೆ. 1736ರಲ್ಲಿ ಇದಕ್ಕೆ ಆರಂಭ ಕೊಟ್ಟವರು ಇಟಲಿಯ ಕಾರ್ಮೆಲ್ ಸಭೆಯ ಧರ್ಮಗುರು ವಂದನೀಯ ದೊಮಿನಿಕ್. ಫ್ರೆಂಚ್ ಬಾವುಟದ ಕೆಳಗೆ, ಇಟಲಿಯ ಗುರುವೊಬ್ಬರು, ಸ್ಪೇನ್ ದೇಶದ ಸಂತಳ ಹೆಸರಿನಲ್ಲಿ, ಮಲಯಾಳ ಮಾತನಾಡುವ ಜನರಿಗಾಗಿ ಕಟ್ಟಿದ ಇಗರ್ಜಿ ಇದು. ಯುದ್ಧಗಳ ಕಾಲದಲ್ಲಿ ಹಾನಿಗೊಂಡು ಮತ್ತೆ ಎದ್ದುನಿಂತಿತು. ಬಳಿಕ ಹಲವು ಬಾರಿ ನವೀಕರಣ ಕಂಡಿತು.

ಇಲ್ಲಿನ ಪ್ರತಿಮೆಯ ಬಗ್ಗೆ ಒಂದು ಐತಿಹ್ಯ ಪ್ರಚಲಿತವಾಗಿದೆ. ಪ್ರತಿಮೆಯನ್ನು ಹೊತ್ತು ಬೇರೆ ಊರಿಗೆ ಸಾಗುತ್ತಿದ್ದ ಹಡಗು ಮಾಹೆಯ ಎದುರಿಗೆ ಬಂದಾಗ ನಿಂತುಬಿಟ್ಟಿತಂತೆ. ಎಷ್ಟು ಪ್ರಯತ್ನಿಸಿದರೂ ಕದಲಲಿಲ್ಲವಂತೆ. ಪ್ರತಿಮೆಯನ್ನು ಇಲ್ಲಿ ಇಳಿಸಿದ ಮೇಲೆಯೇ ಹಡಗು ಮುಂದೆ ಸಾಗಿತಂತೆ. ಐತಿಹ್ಯವನ್ನು ಚರಿತ್ರೆಯ ತಕ್ಕಡಿಯಲ್ಲಿ ತೂಗುವುದು ಬೇಡ. ಬಂದರಿನ ಜನರು ತಮ್ಮ ಸಂತಳನ್ನು ಹೊರಗಿನವರು ತಂದು ಕೊಟ್ಟವಳೆಂದು ಭಾವಿಸದೆ, ತಾನಾಗಿಯೇ ಇಲ್ಲಿ ಉಳಿಯಬಯಸಿದವಳೆಂದು ನಂಬಿದರು ಎಂಬುದಷ್ಟೇ ಅದರ ಹುರುಳು. ಅವರ ಪಾಲಿಗೆ ಆಕೆ ಆವಿಲಾದ ತೆರೇಸಾ ಅಲ್ಲ; 'ಮಯ್ಯಳಿ ಮಾತೆ', ಮಯ್ಯಳಿಯ ಅಮ್ಮ.

ತೆರೇಸಾ ಹುಟ್ಟಿದ್ದು 1515ರ ಮಾರ್ಚ್ 28ರಂದು, ಸ್ಪೇನಿನಲ್ಲಿ. ಸಡಿಲಗೊಂಡಿದ್ದ ಕಾರ್ಮೆಲ್ ಮಠಜೀವನವನ್ನು ತಿದ್ದಲು ಹೊರಟು 1562ರಲ್ಲಿ ಆವಿಲಾದಲ್ಲಿ ತಮ್ಮ ಮೊದಲ ಸುಧಾರಿತ ಮಠವನ್ನು ಸ್ಥಾಪಿಸಿದರು. 1582ರ ಅಕ್ಟೋಬರ್ 4ರ ರಾತ್ರಿ ಅವರು ನಿಧನರಾದಾಗ ಒಂದು ವಿಚಿತ್ರ ಸಂಭವಿಸಿತು: ಪಂಚಾಂಗ ಸುಧಾರಣೆಯ ನಿಮಿತ್ತ ಅದೇ ರಾತ್ರಿ ಹತ್ತು ದಿನಗಳನ್ನು ಬಿಟ್ಟು, ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲಾಯಿತು. ಆದ್ದರಿಂದಲೇ ಅವರ ಹಬ್ಬ 15ರಂದು. 1622ರಲ್ಲಿ ಸಂತ ಪದವಿ ಲಭಿಸಿತು. 1970ರ ಸೆಪ್ಟೆಂಬರಿನಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತೆ ಎಂದು ಸಾರಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

1577ರಲ್ಲಿ ತೆರೇಸಾ ಬರೆದ ಪ್ರಸಿದ್ಧ ಗ್ರಂಥವೊಂದರಲ್ಲಿ ಮನುಷ್ಯನ ಆತ್ಮವನ್ನು ಏಳು ನಿವಾಸಗಳುಳ್ಳ ಒಂದು ಕೋಟೆಗೆ ಹೋಲಿಸಿದ್ದಾರೆ. ಪ್ರಾರ್ಥನೆಯೇ ಆ ಕೋಟೆಯ ಬಾಗಿಲು. ಅತ್ಯಂತ ಒಳಗಿನ ನಿವಾಸದಲ್ಲಿ ದೇವರಿದ್ದಾನೆ ಎಂಬುದು ಅಲ್ಲಿನ ಬೋಧನೆ. ಕಲ್ಲಿನ ಕೋಟೆಗಳೆಲ್ಲ ಉರುಳಿದ ಊರಿನಲ್ಲಿ ಇಂಥ ಕೋಟೆಯನ್ನು ಬೋಧಿಸಿದ ಸಂತಳ ಮನೆ ಉಳಿದಿರುವುದು ಯಾತ್ರಿಕರು ಧ್ಯಾನಿಸಬಹುದಾದ ವಿಷಯ.

ಎಲ್ಲರ ಹಬ್ಬ

ಮಾಹೆಯ ವಾರ್ಷಿಕ ಹಬ್ಬ ಅಕ್ಟೋಬರ್ 5ರಿಂದ 22ರ ವರೆಗೆ, ಹದಿನೆಂಟು ದಿನ ನಡೆಯುತ್ತದೆ. ಆರಂಭದ ದಿನ ಧ್ವಜಾರೋಹಣವಾಗಿ, ಪ್ರತಿಮೆಯನ್ನು ಸಾರ್ವಜನಿಕ ದರ್ಶನಕ್ಕೆ ಹೊರತರಲಾಗುತ್ತದೆ. ಭಕ್ತರು ಮಲ್ಲಿಗೆಯ ಮಾಲೆಗಳನ್ನೂ ಮೊಂಬತ್ತಿಗಳನ್ನೂ ಹಿಡಿದು ಸಾಲಾಗಿ ನಿಲ್ಲುತ್ತಾರೆ. 14ರ ಸಂಜೆ ಪ್ರತಿಮೆಯ ಮೆರವಣಿಗೆ ಪೇಟೆಯ ಬೀದಿಗಳಲ್ಲಿ ಸಾಗುತ್ತದೆ. 15ರ ನಸುಕಿನಲ್ಲಿ ಹರಕೆ ಹೊತ್ತವರು ಉರುಳುಸೇವೆ ಸಲ್ಲಿಸುತ್ತಾರೆ. ಉರುಳುಸೇವೆ ನಮ್ಮ ನಾಡಿನ ದೇವಸ್ಥಾನಗಳಲ್ಲಿ ಕಾಣುವ ಆಚರಣೆ; ಇಲ್ಲಿ ಅದು ಇಗರ್ಜಿಯ ಅಂಗಳಕ್ಕೆ ಸಹಜವಾಗಿ ಬಂದು ಸೇರಿದೆ.

ಸಾಲಿನಲ್ಲಿ ನಿಂತವರ ಪೈಕಿ ಕ್ರೈಸ್ತರೆಷ್ಟು, ಹಿಂದೂಗಳೆಷ್ಟು, ಮುಸಲ್ಮಾನರೆಷ್ಟು ಎಂದು ಎಣಿಸಿ ಹೇಳುವುದು ಅಸಾಧ್ಯ. ಎಣಿಸುವ ಅಗತ್ಯವೂ ಅಲ್ಲಿನವರಿಗೆ ಕಂಡಿಲ್ಲ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಸನ್ನಿಧಿಗೆ ಎಲ್ಲ ಮತಗಳವರೂ ಬರುವುದನ್ನು ಬಾಲ್ಯದಿಂದ ಕಂಡ ನಮಗೆ ಇದು ಹೊಸತಲ್ಲ. ಅತ್ತೂರು 2016ರಲ್ಲಿ ಬಸಿಲಿಕಾ ಆದಂತೆ, ಮಾಹೆಯ ದೇವಾಲಯಕ್ಕೂ ಫ್ರಾನ್ಸಿಸ್ ಜಗದ್ಗುರುಗಳು ಬಸಿಲಿಕಾ ಪದವಿಯನ್ನು ದಯಪಾಲಿಸಿದರು; 2024ರ ಫೆಬ್ರವರಿಯಲ್ಲಿ ಅದರ ವಿಧ್ಯುಕ್ತ ಘೋಷಣೆ ನಡೆಯಿತು. ಜನಸಾಮಾನ್ಯರ ಭಕ್ತಿ ಶತಮಾನಗಳಿಂದ ಒಪ್ಪಿಕೊಂಡಿದ್ದ ಹಿರಿಮೆಗೆ ಧರ್ಮಸಭೆಯ ಮುದ್ರೆ ಬಿದ್ದಂತಾಯಿತು.

ಧರ್ಮಸಭೆಯ ಆಡಳಿತದ ದೃಷ್ಟಿಯಿಂದಲೂ ಆ ಪ್ರದೇಶ ನಮಗೆ ಪರಕೀಯವಲ್ಲ. ಇಂದು ಮಾಹೆ ಸೇರಿರುವ ಕಲ್ಲಿಕೋಟೆ ಧರ್ಮಪ್ರಾಂತವು 1923ರಲ್ಲಿ ಮಂಗಳೂರು ಧರ್ಮಪ್ರಾಂತದಿಂದ ಬೇರ್ಪಟ್ಟು ರೂಪುಗೊಂಡಿತು. ಅಲ್ಲಿಯ ತನಕ ಕಣ್ಣೂರು, ತಲಶ್ಶೇರಿ, ಕಲ್ಲಿಕೋಟೆಗಳ ಕಥೋಲಿಕರಿಗೆ ಮಂಗಳೂರಿನ ಬಿಷಪರೇ ಕುರುಬರು. 2025ರ ಏಪ್ರಿಲಿನಲ್ಲಿ ಕಲ್ಲಿಕೋಟೆ ಮಹಾಧರ್ಮಪ್ರಾಂತದ ಪದವಿಗೇರಿದೆ. ನಮ್ಮ ಮನೆಯಿಂದ ಹೊರಟ ಮಗಳು ತನ್ನ ಮನೆಯನ್ನು ಬೆಳಗಿದಂತೆ ನಾವು ಸಂತೋಷಪಡಬೇಕಾದ ವಿಷಯ ಇದು.

ತೆರೇಸಾರ ಮಕ್ಕಳು ಮಂಗಳೂರಿಗೂ ಬಂದರು, ಅದೂ ಫ್ರಾನ್ಸಿನಿಂದಲೇ. 1870ರಲ್ಲಿ, ಕಾರ್ಮೆಲ್ ಸಭೆಯವರೇ ಆದ ಫ್ರೆಂಚ್ ಬಿಷಪ್ ಮರೀ ಎಫ್ರೇಮ್ ಅವರ ಕರೆಯ ಮೇರೆಗೆ, ಫ್ರಾನ್ಸಿನ ಪೋ ನಗರದ ಮಠದಿಂದ ಕಾರ್ಮೆಲ್ ಭಗಿನಿಯರ ಒಂದು ಗುಂಪು ಹೊರಟಿತು. ಕಠಿಣ ಪ್ರಯಾಣದಲ್ಲಿ ಕೆಲವರು ಪ್ರಾಣವನ್ನೇ ತೆತ್ತರು. ಮಂಗಳೂರನ್ನು ಮುಟ್ಟಿದವರಲ್ಲಿ ಗಲಿಲೇಯದಲ್ಲಿ ಹುಟ್ಟಿದ ಅರಬ್ ಕನ್ಯೆ ಮರಿಯಂ ಬವಾರ್ದಿ ಒಬ್ಬರು. 1871ರಲ್ಲಿ ಅವರು ವ್ರತಬದ್ಧರಾದದ್ದು ಮಂಗಳೂರಿನಲ್ಲೇ. 2015ರ ಮೇ 17ರಂದು ಅವರಿಗೆ ಸಂತ ಪದವಿ ದೊರೆಯಿತು. ಅದೇ 1870ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಿಂದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಬಂದಿಳಿದು ಸಂತ ಆ್ಯನರ ವಿದ್ಯಾಸಂಸ್ಥೆಗಳಿಗೆ ತಳಹದಿ ಹಾಕಿದರು. ಅವರಿಂದ ಅಕ್ಷರ ಕಲಿತ ಹೆಣ್ಣುಮಕ್ಕಳು ಇಲ್ಲದ ಮನೆ ನಮ್ಮ ಊರುಗಳಲ್ಲಿ ಅಪರೂಪ. ಫ್ರಾನ್ಸ್ ದೇಶವು ಭಾರತಕ್ಕೆ ಕಳುಹಿಸಿದ್ದು ಫಿರಂಗಿಗಳನ್ನು ಮಾತ್ರವಲ್ಲ ಎಂಬುದಕ್ಕೆ ಇದು ಸಾಕ್ಷಿ.

ರಕ್ತಹೀನ ವಿದಾಯ

ಮಾಹೆಯಲ್ಲಿ ಫ್ರೆಂಚರು ಉಳಿಸಿಹೋದದ್ದು ಏನು? ಕಣ್ಣಿಗೆ ಬೀಳುವಂಥದು ಸ್ವಲ್ಪವೇ. ಕೆಲವು ಹಳೆಯ ಕಟ್ಟಡಗಳು, ಪೊಲೀಸರ ತಲೆಯ ಮೇಲಿನ ಕೆಂಪು ಟೋಪಿ, ಫ್ರಾನ್ಸಿನ ಪೌರತ್ವವನ್ನು ಉಳಿಸಿಕೊಂಡ ಕೆಲವು ಕುಟುಂಬಗಳು, ಫ್ರೆಂಚ್ ಸರಕಾರದ ಸೇವೆಯಲ್ಲಿದ್ದವರ ಮನೆಗಳಿಗೆ ಬರುತ್ತಿದ್ದ ನಿವೃತ್ತಿವೇತನದ ನೆನಪು. ಮಲಯಾಳದ ಹೆಸರಾಂತ ಕಾದಂಬರಿಕಾರ ಎಂ. ಮುಕುಂದನ್ 1942ರಲ್ಲಿ ಇಲ್ಲೇ ಹುಟ್ಟಿದವರು; ಮಯ್ಯಳಿ ಹೊಳೆಯ ದಡದ ಜೀವನವನ್ನು ಕುರಿತ ಅವರ ಕಾದಂಬರಿ 1974ರಲ್ಲಿ ಪ್ರಕಟವಾದ ಮೇಲೆ, ಈ ಪುಟ್ಟ ಊರು ಓದುವ ಮಲಯಾಳಿಗಳೆಲ್ಲರ ಮನಸ್ಸಿನ ಊರಾಯಿತು. ಫ್ರೆಂಚರನ್ನು ಓಡಿಸಬೇಕೆಂದವರ ಛಲ, ಅವರು ಹೋದಾಗ ಕಣ್ಣೀರಿಟ್ಟವರ ದುಃಖ ಎರಡಕ್ಕೂ ಆ ಕಾದಂಬರಿಯಲ್ಲಿ ಸ್ಥಾನವಿದೆ.

ಬಿಡುಗಡೆಯ ಹೋರಾಟದ ಮುಂಚೂಣಿಯಲ್ಲಿದ್ದವರು 'ಮಯ್ಯಳಿ ಗಾಂಧಿ' ಎಂದೇ ಹೆಸರಾದ ಐ. ಕೆ. ಕುಮಾರನ್ ಮಾಸ್ತರ್ ಹಾಗೂ ಅವರ ಮಹಾಜನ ಸಭೆ. 1948ರ ಅಕ್ಟೋಬರಿನಲ್ಲಿ ಜನರು ದಂಗೆಯೆದ್ದು ಆಡಳಿತವನ್ನು ಕೈಗೆ ತೆಗೆದುಕೊಂಡರೂ, ಕೆಲವೇ ದಿನಗಳಲ್ಲಿ ಫ್ರೆಂಚ್ ಯುದ್ಧನೌಕೆ ಬಂದು ಅದನ್ನು ಅಡಗಿಸಿತು. 1954ರಲ್ಲಿ ಚಳವಳಿ ಮತ್ತೆ ಬಿಸಿಯೇರಿತು. ಜುಲೈ 16ರಂದು ಫ್ರೆಂಚ್ ಆಡಳಿತಾಧಿಕಾರಿ ಮಾಹೆಯನ್ನು ಬಿಟ್ಟು ಹೊರಟರು. ಆ ವರ್ಷದ ನವೆಂಬರ್ 1ರಂದು ಭಾರತದಲ್ಲಿನ ಉಳಿದ ಫ್ರೆಂಚ್ ವಸಾಹತುಗಳ ಆಡಳಿತ ಭಾರತಕ್ಕೆ ಬಂತು. 1962ರ ಆಗಸ್ಟ್ 16ರಂದು ಹಸ್ತಾಂತರ ಕಾನೂನುಬದ್ಧವಾಯಿತು. ಹೋರಾಟದಲ್ಲಿ ತ್ಯಾಗ ಬಲಿದಾನಗಳು ಇಲ್ಲದಿರಲಿಲ್ಲ. ಆದರೆ ಕೊನೆಯ ವಿದಾಯದ ಗಳಿಗೆಯಲ್ಲಿ ಗುಂಡು ಹಾರಲಿಲ್ಲ. ಮೂರು ಬಾರಿ ಫಿರಂಗಿಯ ಬಲದಿಂದ ಕೈಬದಲಾದ ಬಂದರು ಕೊನೆಯ ಬಾರಿ ಜನರ ಬಲದಿಂದ ಬದಲಾಯಿತು.

ಈಗಿನ ಪರೀಕ್ಷೆ

ಮಾಹೆಯ ಗುಣಗಾನ ಮಾಡಿ ಲೇಖನಿ ಕೆಳಗಿಡುವುದು ಸುಲಭ. ಆದರೆ ಅಲ್ಲಿಗೆ ಹೋದ ಯಾರ ಕಣ್ಣಿಗೂ ಮರೆಯಾಗದ ಒಂದು ಸಂಗತಿಯಿದೆ. ಪುದುಚೇರಿಯ ತೆರಿಗೆ ಕೇರಳದ್ದಕ್ಕಿಂತ ಕಡಿಮೆಯಾದುದರಿಂದ ಮಾಹೆಯಲ್ಲಿ ಮದ್ಯ ಅಗ್ಗ. ಇಷ್ಟು ಸಣ್ಣ ಊರಿನಲ್ಲಿ ಮದ್ಯದಂಗಡಿಗಳ ಸಾಲುಸಾಲು. 2017ರಲ್ಲಿ ಹೆದ್ದಾರಿ ಬದಿಯ ಮದ್ಯದಂಗಡಿಗಳ ಬಗ್ಗೆ ಸುಪ್ರೀಂ ಕೋರ್ಟು ನೀಡಿದ ಆದೇಶದಿಂದ ಕೆಲಕಾಲ ಬೀದಿ ಶಾಂತವಾಗಿತ್ತು. ಪೇಟೆ ಪ್ರದೇಶಗಳಿಗೆ ವಿನಾಯಿತಿ ದೊರೆತ ಮೇಲೆ ವ್ಯಾಪಾರ ಮೊದಲಿನಂತೆ ಕುದುರಿತು. ಉತ್ತರದಿಂದಲೂ ದಕ್ಷಿಣದಿಂದಲೂ ಜನರು ಬರುವುದು ಬಾಟಲಿಗಾಗಿ. ಮಾಹೆಗೆ ಹೋಗುತ್ತೇನೆ ಎಂದರೆ ಕೇಳಿದವರು ನಗುವಷ್ಟರ ಮಟ್ಟಿಗೆ ಊರಿನ ಹೆಸರು ಕೆಟ್ಟಿದೆ.

ಇದನ್ನು ಅಲ್ಲಿನವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೊಳ್ಳುವವರು ಹೊರಗಿನವರು, ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಹರಕೆಯ ನೆಪದಲ್ಲಿ ವಾಹನ ಮಾಡಿಕೊಂಡು ಹೋಗಿ, ಐದು ನಿಮಿಷ ಇಗರ್ಜಿಯಲ್ಲಿ, ಒಂದು ಗಂಟೆ ಅಂಗಡಿಯಲ್ಲಿ ಕಳೆದು ಬರುವವರ ಕುರಿತು ನಾವೆಲ್ಲ ಕೇಳಿಯೇ ಇದ್ದೇವೆ. ಅಂಥ ಯಾತ್ರೆಯ ಫಲ ಯಾವ ಮನೆಯ ಅಡುಗೆಮನೆಯಲ್ಲಿ, ಯಾವ ತಾಯಿಯ ಕಣ್ಣೀರಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಹಿಂದೆ ಮೆಣಸಿಗಾಗಿ ಬಂದ ವ್ಯಾಪಾರಿಗೂ ಇಂದು ಬಾಟಲಿಗಾಗಿ ಬರುವ ಗಿರಾಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರೂ ಆ ಊರಿನಿಂದ ಏನನ್ನೋ ಒಯ್ಯಲು ಬಂದವರು. ಮಯ್ಯಳಿಯ ಅಮ್ಮನ ಮುಂದೆ ಸಾಲಿನಲ್ಲಿ ನಿಲ್ಲುವವರಾದರೋ ಮಲ್ಲಿಗೆಯ ಮಾಲೆಯನ್ನೋ ಮನದ ಭಾರವನ್ನೋ ಅರ್ಪಿಸಲು ಬಂದವರು. ಆ ಊರನ್ನು ಇಷ್ಟು ಕಾಲ ಊರಾಗಿ ಕಾಪಾಡಿದವರು ಈ ಎರಡನೆಯ ಬಗೆಯ ಜನ.

2024ರ ಮಾರ್ಚಿನಲ್ಲಿ ತಲಶ್ಶೇರಿ-ಮಾಹೆ ಬೈಪಾಸ್ ರಸ್ತೆ ಸಂಚಾರಕ್ಕೆ ತೆರೆದ ಬಳಿಕ ದೂರದ ವಾಹನಗಳು ಪೇಟೆಯನ್ನು ಹೊಕ್ಕಬೇಕಾಗಿಲ್ಲ. ಹಳೆಯ ಹೆದ್ದಾರಿಯ ಗದ್ದಲ ಇಳಿದರೆ ದೇವಾಲಯದ ಎದುರಿನ ಬೀದಿಗೂ ಹೊಳೆಯ ದಡಕ್ಕೂ ಹಳೆಯ ನೆಮ್ಮದಿ ಮರಳಬಹುದು. ಆ ನೆಮ್ಮದಿಯನ್ನು ಬಯಸಿ ಬರುವ ಯಾತ್ರಿಕರು ಹೆಚ್ಚಿದಷ್ಟೂ ಊರಿನ ವ್ಯಾಪಾರದ ಸ್ವರೂಪವೂ ಬದಲಾಗಲು ಅವಕಾಶವಿದೆ. ಅದು ಸರಕಾರದ ಆದೇಶಕ್ಕಿಂತ ಹೆಚ್ಚಾಗಿ ಹೋಗುವವರ ನಡತೆಯನ್ನು ಅವಲಂಬಿಸಿದೆ.

ಮಾಹೆಗೆ ಹೊರಡುವ ಬಾಂಧವರು ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಹಬ್ಬದ ದಿನಗಳಲ್ಲಿ ಜನಸಂದಣಿ ವಿಪರೀತ. ವೃದ್ಧರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯುವವರು 14, 15ರ ಬದಲು ಹಬ್ಬದ ಬೇರೆ ದಿನಗಳನ್ನೋ ವರ್ಷದ ಇತರ ತಿಂಗಳುಗಳನ್ನೋ ಆರಿಸಿಕೊಳ್ಳುವುದು ಲೇಸು. ಬಲಿಪೂಜೆ ಮಲಯಾಳದಲ್ಲಿ ನಡೆದರೂ ನಮ್ಮಂತೆಯೇ ಲತೀನ್ ವಿಧಿಯದಾದುದರಿಂದ ಭಾಗವಹಿಸಲು ತೊಡಕಾಗದು. ಪೂಜೆಯ ಬಳಿಕ ಅಳಿವೆಯ ತನಕ ನಡೆದು ಬನ್ನಿ. ಮಕ್ಕಳಿಗೆ ಮರಿಯಾನಳ ಮೂರ್ತಿಯನ್ನು ತೋರಿಸಿ. ಮಾಹೆ ಬಿದ್ದ ಕಥೆಯನ್ನೂ ಶ್ರೀರಂಗಪಟ್ಟಣದ ಕಥೆಯನ್ನೂ ಒಟ್ಟಿಗೆ ಹೇಳಿ. 1784ರಲ್ಲಿ ನಡೆದುಹೋದ ನಮ್ಮ ಹಿರಿಯರಿಗಾಗಿ, ಅವರೊಡನೆ ಆ ಯುದ್ಧದಲ್ಲಿ ಮಡಿದ ಎಲ್ಲ ಹೆಸರಿಲ್ಲದ ಜನರಿಗಾಗಿ ಒಂದು ಮೊಂಬತ್ತಿಯನ್ನು ಹೆಚ್ಚಾಗಿ ಹಚ್ಚಿ. ಅದಕ್ಕೆ ತಗಲುವ ವೆಚ್ಚ ಅಲ್ಪ. ಮನೆಗೆ ತರುವ ಸಮಾಧಾನ ಬಹುಕಾಲ ಉಳಿಯುವಂಥದು.